ಮೂರನೆಯ ಪಿಟೀಲು

ಕೊಪ್ಪ, 14 ನವೆಂಬರ್ 2024. ಗುರುವಾರ ಮಧ್ಯಾಹ್ನ, ರೆಕಾರ್ಡಿಂಗ್ ಮುಗಿದ ಮೇಲೆ.

ವನಮಾಲಾ,

ಈ ವಾರದಲ್ಲಿ ಇದು ಐದನೆಯ ಹಾಡು. ಯಾರದೋ ಹಾಡಿಗೆ ಮನೆಯಲ್ಲೇ ಪಿಟೀಲು ನುಡಿಸಿ ಕಳಿಸುವುದು ಈಗ ನನ್ನ ಕೆಲಸ. ನಾಲ್ಕು ಜನ ಒಟ್ಟಿಗೆ ನುಡಿಸಿದಂತೆ ಕೇಳಬೇಕೆಂದರೆ ಅದೇ ಸಾಲನ್ನು ನಾಲ್ಕು ಸಲ ನುಡಿಸಿ, ನಾಲ್ಕು ಬೇರೆ ಬೇರೆ ಟ್ರ್ಯಾಕ್‌ಗಳಾಗಿ ಕಳಿಸುತ್ತೇನೆ. ಪ್ರತಿ ಸಲವೂ ಕುರ್ಚಿಯನ್ನು ಒಂದು ಗೇಣು ಸರಿಸಿ, ಕೂತಿರುವುದು ಬೇರೆ ಯಾರೋ ಎಂದುಕೊಳ್ಳುತ್ತೇನೆ. ಇವತ್ತು ಮೂರನೆಯ ಸಲ ನೀನು ಎಂದುಕೊಂಡೆ. ಸಾಲಿನ ಕೊನೆಯಲ್ಲಿ ಕಮಾನನ್ನು ನಿನ್ನಂತೆಯೇ ಒಂದು ಕ್ಷಣ ತಡೆದು ಬಿಟ್ಟೆ.

ಹಾಡು ಮಾಡಿದ ನರಸಿಂಹರಾಜಪುರದ ಶಿಶಿರ ಕೇಳಿದ ಕೂಡಲೇ ಫೋನ್ ಮಾಡಿದರು. "ಮೂರನೇ ಟ್ರ್ಯಾಕ್ ನುಡಿಸಿದ್ದು ಯಾರು ಮಾರಾಯ್ರೆ? ನೀವಂತೂ ಅಲ್ಲ."

"ವನಮಾಲಾ ಅಂತ, ನನ್ನ ಗೆಳತಿ" ಎಂದುಬಿಟ್ಟೆ.

"ಎಷ್ಟ್ ಚಂದ ನುಡಿಸ್ತಾರೆ! ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ರಿ ಅವರನ್ನ? ಮುಂದಿನ ಹಾಡಿಗೆ ಇಬ್ರೂ ಬೇಕು. ಅವರ ಹೆಸರೂ ಹಾಕ್ತೇನೆ."

ಆಗಲಿ ಎಂದು ಫೋನ್ ಇಟ್ಟೆ.

ಶೃಂಗೇರಿಯಲ್ಲಿ ನಮ್ಮಿಬ್ಬರ ಕಛೇರಿಯಿದ್ದ ದಿನ ನಾನು ಬೇರೊಬ್ಬರ ರೆಕಾರ್ಡಿಂಗಿಗೆ ಹೋಗಿ ಎರಡು ವರ್ಷವಾಯಿತು. ನೀನು ಒಬ್ಬಳೇ ನುಡಿಸಿದೆಯಂತೆ. ಪಕ್ಕದಲ್ಲಿದ್ದ ನನ್ನ ಮೈಕನ್ನು ಕೊನೆಯವರೆಗೂ ತೆಗೆಯಲು ಬಿಡಲಿಲ್ಲವಂತೆ. ಅದು ನನಗೆ ಗೊತ್ತಾದದ್ದು ಬೇರೆಯವರಿಂದ; ಅಂದಿನಿಂದ ನಾವಿಬ್ಬರೂ ಮಾತಾಡಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ಶಿಶಿರ ಹೇಳಿದ್ದನ್ನು ಎದುರು ಕೂತೇ ಹೇಳಬೇಕು. ಶನಿವಾರ ಬೆಳಗಿನ ಬಸ್ಸಿಗೆ ಬಸರೀಕಟ್ಟೆಗೆ, ನಿನ್ನ ಮನೆಗೇ ಬರುತ್ತೇನೆ.

ಮೈಕ್ ಎರಡು ತರುತ್ತೇನೆ.