ನಾಲ್ಕನೇ ಜ್ವರ

ಕಾಮಗೆರೆ
18-12-1967

ನನ್ನ ಮಗಳು ಸುವರ್ಣಳಿಗೆ ನಿನ್ನವ್ವನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ನಿನ್ನಪ್ಪ ಮೂರು ದಿನದಿಂದ ನನ್ನ ಜೊತೆ ನೆಟ್ಟಗೆ ಮಾತಾಡುತ್ತಿಲ್ಲ, ನನಗೂ ಊಟ ಸೇರುತ್ತಿಲ್ಲ. ದನಕರು ಕ್ಷೇಮವಾಗಿವೆ.

ಹುಳುವಿನ ವಿಚಾರದಿಂದ ಶುರು ಮಾಡುತ್ತೇನೆ. ಅವ್ವನಿಗೆ ರೇಷ್ಮೆ ಹುಳು ಬಿಟ್ಟರೆ ಬೇರೆ ಮಾತೇ ಬರುವುದಿಲ್ಲ ಎಂದು ನೀನೇ ಎಷ್ಟೋ ಸಲ ಆಡಿಕೊಂಡಿದ್ದೀಯ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ನಾವು ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರವೇ ಗಂಡಾಂತರದ್ದು. ಅದುವರೆಗೂ ಸೊಪ್ಪು ಹಾಕಿದಷ್ಟೂ ಮೇಯುತ್ತಿದ್ದ ಹುಳು ಇದ್ದಕ್ಕಿದ್ದ ಹಾಗೆ ಮೇವು ಬಿಟ್ಟು, ತಲೆ ಎತ್ತಿ, ಕಲ್ಲಿನ ಹಾಗೆ ಕೂತುಬಿಡುತ್ತದೆ. ಕೂರುವ ಮುಂಚೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಿಂದ ತನ್ನ ಹಿಂಗಾಲುಗಳನ್ನು ಸೊಪ್ಪಿಗೆ ಕಟ್ಟಿಕೊಳ್ಳುತ್ತದೆ. ಆ ಹಿಡಿತ ಇದ್ದರೇ ಹಳೆಯ ಪೊರೆಯಿಂದ ಮೈ ಎಳೆದುಕೊಂಡು ಆಚೆ ಬರಲು ಆಗುವುದು. ಆ ಹೊತ್ತಿನಲ್ಲಿ ಯಾರಾದರೂ ಅದನ್ನು ಎತ್ತಿ ಬೇರೆ ಕಡೆ ಇಟ್ಟರೆ ಎಳೆ ಹರಿಯುತ್ತದೆ, ಪೊರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಹುಳು ಸಾಯುತ್ತದೆ. ಅಷ್ಟು ಸಣ್ಣ ಜೀವಕ್ಕೆ ಯಾವಾಗ ನಿಲ್ಲಬೇಕು, ಎಲ್ಲಿ ಕಾಲೂರಬೇಕು ಎಂಬ ಲೆಕ್ಕ ಅಷ್ಟು ಸರಿಯಾಗಿ ಗೊತ್ತು. ನಮ್ಮ ಕೆಲಸ ಇಷ್ಟೇ, ಕೈ ಕಟ್ಟಿಕೊಂಡು ಸುಮ್ಮನಿರುವುದು.

ನೀನು ಬಂದದ್ದು ಕಡೇ ಕಾರ್ತಿಕ ಸೋಮವಾರ, ಮಧ್ಯಾಹ್ನದ ಬಸ್ಸಿಗೆ. ಹುಳು ಆ ಬೆಳಿಗ್ಗೆಯಷ್ಟೇ ಜ್ವರಕ್ಕೆ ಕೂತಿದ್ದವು. ಜ್ವರ ಬಿಟ್ಟು ಏಳುವ ತನಕ ಘಾಟು ತಾಗಬಾರದೆಂದು ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ನಿನ್ನಪ್ಪನ ಬೀಡಿ ಕೂಡ ಕೊಟ್ಟಿಗೆಯಲ್ಲೇ, ಹೊರಗಿನವರು ಹೊಸಿಲು ದಾಟುವ ಹಾಗಿಲ್ಲ. ಸಾಲದ್ದಕ್ಕೆ ನಿಮ್ಮೂರು ಅಗರದಲ್ಲಿ ಹುಳುವಿಗೆ ರೋಗ ಬಿದ್ದಿದೆ ಎಂಬ ಸುದ್ದಿ ಬಂದಿತ್ತು. ನೀನು ಬಾಗಿಲಲ್ಲಿ ನಿಂತು, "ಅವ್ವಾ, ಒಂದಷ್ಟ್ ದಿನ ಇಲ್ಲೇ ಇರ್ಲಾ?" ಅಂದೆ. ನಾನು, "ಅಲ್ಲೇ ನಿಂತ್ಕೊ, ಉಳ ಜರಕ್ಕೆ ಕೂತವೆ" ಅಂದೆ. ಜಗುಲಿಗೇ ನೀರು ತಂದುಕೊಟ್ಟೆ. ಮೂರು ದಿನ ಕಳೆಯಲಿ, ಅಪ್ಪನನ್ನೇ ಕಳಿಸಿ ಕರೆಸಿಕೊಳ್ಳುತ್ತೇನೆ ಎಂದೆ. ಅದೇ ಬಸ್ಸು ಹನೂರಿಗೆ ಹೋಗಿ ತಿರುಗಿ ಬಂದಾಗ ನೀನು ಹತ್ತಿಕೊಂಡು ಹೋದೆ. ಅತ್ತೆಯ ಜೊತೆ ಏನೋ ಮಾತು ಬಂದಿರಬೇಕು ಅಂದುಕೊಂಡೆ. ನನಗೆ ಬೇರೇನೂ ಹೊಳೆಯಲಿಲ್ಲ.

ಮೂರು ದಿನವಾದ ಮೇಲೆ ಕರೆಸಿಕೊಳ್ಳಲೂ ಇಲ್ಲ. ಜ್ವರದಿಂದ ಎದ್ದ ಹುಳುವಿನ ಹಸಿವು ನಿನಗೆ ಗೊತ್ತು, ಹಗಲೂ ರಾತ್ರಿ ಸೊಪ್ಪು ಕೊಯ್ದು ಹಾಕಿದರೂ ಸಾಲದು. ಆಮೇಲೆ ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸ, ಆಮೇಲೆ ಗೂಡು ಬಿಡಿಸುವುದು. ಬೆಳೆ ಚೆನ್ನಾಗಿ ಬಂತು. ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ಗೂಡು ಕೈಗೆತ್ತಿಕೊಂಡವರೆಲ್ಲ ನಿನ್ನಪ್ಪನ ಹೆಸರು ಹಿಡಿದು, ಕೆಂಪನಂಜಪ್ಪನ ಹೆಂಡತಿ ಸಾಕಿದ್ದಾ ಎಂದು ಕೇಳಿದರಂತೆ. ನನಗೆ ಹೆಮ್ಮೆಯಾಯಿತು. ಅದನ್ನೂ ಬರೆಯುತ್ತಿದ್ದೇನೆ, ಮುಚ್ಚಿಡುವುದಿಲ್ಲ.

ಮೊನ್ನೆ ಶುಕ್ರವಾರ ನಿಮ್ಮೂರಿನ ಗುರುಸಿದ್ದಮ್ಮ ಕಣ್ಣು ತೋರಿಸಲು ಇಲ್ಲಿನ ಆಸ್ಪತ್ರೆಗೆ ಬಂದಿದ್ದಳು. ನಮ್ಮ ಜಗುಲಿಯಲ್ಲಿ ಕೂತು, "ನಿಮ್ ಸುವರ್ಣ ಮತ್ತೆ ಬಸುರಿ ಅಲ್ವೇನಮ್ಮ, ನಿಮ್ಗೆ ಯೋಳಿಲ್ವಾ? ಆವತ್ತು ನಿಮ್ಮನೇಯಿಂದ ಬಂದ ಮ್ಯಾಕೆ ಎಲ್ಡು ದಿನ ರಗ್ತ ಕಾಣುಸ್ಕತು. ನರ್ಸಮ್ಮ ಆಸ್ಗೆ ಬುಟ್ಟು ಏಳ್ಬ್ಯಾಡ ಅಂದದೆ. ಈಗ ನಿಂತದೆ ಕಣಮ್ಮ" ಅಂದಳು. ಹಿಂದಿನ ಎರಡು ಸಲವೂ ಮೂರನೇ ತಿಂಗಳಲ್ಲೇ ಹೋಯಿತು, ಈ ಸಲವಾದರೂ ಮಲಗಿರಲು ತವರಿಗೆ ಹೋಗಿದ್ದಳು ಎಂದೂ ಹೇಳಿದಳು. ನಿನ್ನಪ್ಪ ಎಲ್ಲ ಕೇಳಿಸಿಕೊಂಡರು. ಅವಳು ಹೋದ ಮೇಲೆ, "ಉಳ ನೋಡ್ದಂಗೆ ಮಗ್ಳ ನೋಡಕಾಗ್ನಿಲ್ವೇನಮ್ಮಿ ನಿಂಗೆ?" ಎಂದು ಒಂದೇ ಮಾತು ಕೇಳಿ ಎದ್ದು ಹೋದರು.

ಸುವರ್ಣ, ಬೇರೇನೂ ಹೊಳೆಯಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಆ ಸಾಲನ್ನು ಹೊಡೆದು ಹಾಕದೆ ಹಾಗೆಯೇ ಬಿಟ್ಟಿದ್ದೇನೆ. ನೀನು ಬಸ್ಸಿನಿಂದ ಇಳಿದ ರೀತಿಯಲ್ಲೇ ನನಗೆ ಗೊತ್ತಾಯಿತು. ಒಂದೊಂದು ಹೆಜ್ಜೆಯನ್ನೂ ನೋಡಿಕೊಂಡು ಇಟ್ಟೆ. ಕೊಟ್ಟ ನೀರು ಕುಡಿಯದೆ, ಗೋಡೆಗೆ ಬೆನ್ನು ಕೊಟ್ಟು, ಅಲ್ಲಾಡದೆ ಕೂತೆ. ಅಷ್ಟು ಹೊತ್ತಿಗೆ ನಾನು ಬೆರಳಲ್ಲಿ ತಿಂಗಳು ಎಣಿಸಿ ಆಗಿತ್ತು. ಇನ್ನು ಮೂರು ದಿನದಲ್ಲಿ ಏನಾಗಿಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹುಳುವಿನ ತಟ್ಟೆಯನ್ನು ಒಂದು ಗೇಣು ಸರಿಸಲು ಬಿಡದವಳು ನಿನ್ನನ್ನು ಆ ಗುಂಡಿ ರಸ್ತೆಯಲ್ಲಿ ಎರಡು ಬಸ್ಸು ಹತ್ತಿಸಿ ಕಳಿಸಿದೆ. ಲೆಕ್ಕ ತಿಳಿಯದೆ ತಪ್ಪಿದ್ದಲ್ಲ, ತಿಳಿದೂ ಬೆಳೆಯ ಕಡೆಗೆ ತೂಗಿದೆ. ನನಗೆ ನಾಚಿಕೆಯಾಗುತ್ತದೆ.

ನಿನ್ನಪ್ಪ ಈಗಲೇ ಮೆತ್ತೆ ಹಾಕಿ ಗಾಡಿ ಕಟ್ಟಿಸಿ ನಿನ್ನನ್ನು ಕರೆತರಬೇಕು ಎನ್ನುತ್ತಿದ್ದಾರೆ. ನಾನು ಬೇಡ ಎಂದೆ. ಅದಕ್ಕೇ ಅವರಿಗೆ ಇನ್ನೂ ಸಿಟ್ಟು. ಅವರ ಪ್ರೀತಿ ಯಾವತ್ತೂ ಹಾಗೇ, ಹುಳುವಿಗೂ ದನಕ್ಕೆ ಹುಲ್ಲು ಒಟ್ಟಿದ ಹಾಗೆ ಸೊಪ್ಪು ಒಟ್ಟುತ್ತಾರೆ. ನೀನು ಈಗ ಇದ್ದಲ್ಲೇ ಇರಬೇಕು. ಐದನೇ ತಿಂಗಳು ತುಂಬುವ ತನಕ ಯಾರು ಕರೆದರೂ ಬಂಡಿ, ಬಸ್ಸು ಹತ್ತಬೇಡ, ನಾನು ಕರೆದರೂ ಹತ್ತಬೇಡ. ಕೊಡ ಎತ್ತಬೇಡ. ಹೊಟ್ಟೆಗೆ ಸೇರಿದಷ್ಟೇ ತಿನ್ನು, ಬಲವಂತ ಮಾಡಿದರೆ ನನ್ನ ಹೆಸರು ಹೇಳು. ನಿಮ್ಮತ್ತೆ ದೊಡ್ಡಬಸಮ್ಮನವರು ಮಾತಿನಲ್ಲಿ ಒರಟು, ಆದರೆ ರಕ್ತ ಕಂಡ ದಿನದಿಂದ ನೀರು ತಾವೇ ಸೇದುತ್ತಿದ್ದಾರಂತೆ. ನಾನು ಮಾಡದ್ದನ್ನು ಅವರು ಮಾಡಿದ್ದಾರೆ.

ಕ್ಷಮಿಸು ಎಂದು ತಾಯಿಯಾದವಳು ಮಗಳಿಗೆ ಬರೆಯುವುದು ನಮ್ಮಲ್ಲಿ ಇಲ್ಲ. ನಾನು ಬರೆಯುತ್ತಿದ್ದೇನೆ. ಕ್ಷಮಿಸುವುದು, ಬಿಡುವುದು ನಿನ್ನಿಷ್ಟ.

ಇಂತಿ ನಿನ್ನವ್ವ,
ಪುಟ್ಟಬಸಮ್ಮ

ಮರೆತಿದ್ದ ಮಾತು: ಲಕೋಟೆಯ ಮೇಲೆ ಅಂಚೆಯ ಮುದ್ರೆ ಇಲ್ಲವೆಂದು ಗಾಬರಿಯಾಗಬೇಡ. ಇದನ್ನು ನಿಮ್ಮ ಪಕ್ಕದ ಮನೆಯ ಕೆಂಪಾಜಮ್ಮನ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ನಾನು ಬಟ್ಟೆ ಗಂಟು ಸಮೇತ ಅವಳ ಜಗುಲಿಯಲ್ಲಿ ಕೂತಿದ್ದೇನೆ. ನೀನು ಎದ್ದು ಬಾಗಿಲಿಗೆ ಬರಬೇಡ. ನಾನು ಒಳಗೆ ಬರಬಹುದು ಅನ್ನಿಸಿದರೆ ಅವಳಿಗೆ ಹೇಳಿ ಕಳಿಸು. ಇವತ್ತು ಅನ್ನಿಸದಿದ್ದರೆ ನಾಳೆ ಹೇಳು, ಇಲ್ಲೇ ಇರುತ್ತೇನೆ.