ಗುಡ್ಡ ದಾಟಿದ ಪೋಸ್ಟರ್

ಗುರುವಾರ, ಮಾರ್ಚ್ ೯

ಹಾವು ಕಚ್ಚಿ ಆಸ್ಪತ್ರೆ ಸೇರಿದ್ದ ನಮ್ಮ ಪ್ರಯೋಗಾಲಯದ ಡ್ರೈವರನ ಹೆಂಡತಿಗೆ ಸಂಜೆ ಉಸಿರಾಟದ ಯಂತ್ರ ತೆಗೆದರು. ಬದುಕಿದಳು. ಆದರೂ ನನಗೆ ಊಟ ಸೇರಲಿಲ್ಲ.

ನಮ್ಮ ಕಡೆಯ ಪಟ್ಟೆ ಹಾವಿಗೆ ವಿಷವಿಲ್ಲ. ಗುಡ್ಡದಾಚೆ ಇರುವ ವಿಷದ ಹಾವಿನ ವೇಷ ಅದರದ್ದು. ಈಚೆ ಆ ವಿಷದ ಹಾವೇ ಇಲ್ಲ, ಹಾಗಾಗಿ ವೇಷಕ್ಕೆ ಹೆದರುವವರೂ ಇಲ್ಲ. ಪಟ್ಟೆ ಎದ್ದು ಕಂಡದ್ದನ್ನೇ ಹದ್ದು ಮೊದಲು ಎತ್ತುತ್ತದೆ. ನಿಸರ್ಗ ಹೀಗೆ ಆರಿಸಿ ಅಳಿಸಿದಷ್ಟೂ ಆಚೆಯೂ ಇರುವ ಇದೇ ಜಾತಿಯ, ವಿಷವಿಲ್ಲದ ವೇಷಧಾರಿಗಳು ಗುಡ್ಡ ದಾಟಿ ಬಂದು ಇಲ್ಲಿಯವುಗಳೊಡನೆ ಕೂಡುತ್ತವೆ, ಮರಿಗಳಿಗೆ ಮತ್ತೆ ಪಟ್ಟೆ ಬರುತ್ತದೆ. ಇದೇ ನನ್ನ ಸಂಶೋಧನೆ. ‘ಪಟ್ಟೆ ಹಾವಿಗೆ ವಿಷವಿಲ್ಲ, ಕೊಲ್ಲಬೇಡಿ’ ಎಂಬ ಪೋಸ್ಟರೂ ನನ್ನದೇ. ಡ್ರೈವರ್ ಅದನ್ನು ಮೆಚ್ಚಿ, ಗುಡ್ಡದಾಚೆಯ ತನ್ನ ಮನೆ ಬಾಗಿಲಿಗೆ ಅಂಟಿಸಿದ್ದ.

ಆಸ್ಪತ್ರೆಯ ವರಾಂಡದಲ್ಲಿ ಕೇಳಿದ: “ಮನೆಯೊಳಗೆ ಪಟ್ಟೆ ಹಾವು ಬಂದಿತ್ತು. ಪಾಪ, ಹೊರಗೆ ಬಿಡೋಣ ಅಂತ ಕೈಯಲ್ಲೇ ಎತ್ಕೊಂಡ್ಳು ಮೇಡಂ. ನಾವೇನಾದ್ರೂ ತಪ್ಪಾಗಿ ಓದ್ಕೊಂಡ್ವಾ?”

“ಅದು ಈ ಕಡೆಯವ್ರಿಗೆ ಮಾತ್ರ ಅಲ್ವಾ?” ಎಂದೆ.

ಹಾಗೆಂದು ಪೋಸ್ಟರಿನಲ್ಲಿ ಎಲ್ಲೂ ಇಲ್ಲ. ಹಾವು ಗುಡ್ಡ ದಾಟುತ್ತದೆಂದು ಊರಿಗೆಲ್ಲ ಪಾಠ ಹೇಳುವ ನನಗೆ, ಕಾಗದವೂ ದಾಟೀತೆಂದು ಹೊಳೆಯಲೇ ಇಲ್ಲ.

ಅವನು ತಲೆ ತಗ್ಗಿಸಿದ. “ತಪ್ಪಾಯ್ತು ಮೇಡಂ.”

“ಪರವಾಗಿಲ್ಲ, ಬಿಡಿ,” ಎಂದೆ.

ನಾನು. ಅವನಿಗೆ.