ಸೀಸೆ ತುಂಬಿದ ಮೇಲೆ ಹಾಯಿಸುವ ಬೆಳಕು

ಹಾವಿನ ವಿಷಕ್ಕೆ ಮದ್ದು ತಯಾರಿಸುವ ಘಟಕದ ನಿರ್ದೇಶಕರಿಗೆ

ಮೂಡಿಗೆರೆ, ೨೦ ಅಕ್ಟೋಬರ್ ೧೯೮೬

ಮಾನ್ಯರೇ,

ಮೂಡಿಗೆರೆ ಆಸ್ಪತ್ರೆಗೆ ಈ ತಿಂಗಳು ಬರಬೇಕಿದ್ದ ಹಾವಿನ ಮದ್ದು ಬರುವುದಿಲ್ಲ. ಇಡೀ ಬ್ಯಾಚನ್ನು ನೀವು ತಿರಸ್ಕರಿಸಿದ್ದೀರಿ. ಹೀಗೆಂದು ತಿಳಿಸಿದವರು ಆಸ್ಪತ್ರೆಯ ಫಾರ್ಮಸಿಸ್ಟ್ ಸರ್ವಮಂಗಳಾ. ಅವರಿಗೆ ತಿಳಿಸಿದ್ದು ನಿಮ್ಮದೇ ಪತ್ರ.

ಪತ್ರವನ್ನು ನಾನೂ ಓದಿದೆ. ಕುದುರೆಯ ರಕ್ತದಿಂದ ತೆಗೆದ ಸೀರಂ ಶುದ್ಧಗೊಳಿಸುವ ಎರಡನೇ ಹಂತದಲ್ಲೇ, ಮದ್ದಿಗೆ ಬಲ ಕೊಡುವ ಪ್ರೋಟೀನ್ ಪ್ರಮಾಣ ಕುಸಿದಿತ್ತಂತೆ. ಅದು ಗೊತ್ತಾದದ್ದು ಸೀಸೆ ತುಂಬಿ, ಚೀಟಿ ಅಂಟಿಸಿದ ಮೇಲೆ. ದ್ರವದೊಳಗೆ ಬೆಳಕು ಹಾಯಿಸಿ ಪ್ರೋಟೀನ್ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ನಿಮ್ಮಲ್ಲಿದೆ. ಒಂದು ಮಾದರಿಗೆ ಅದಕ್ಕೆ ಹತ್ತು ನಿಮಿಷ ಸಾಕು. ಆದರೆ ಅದಿರುವುದು ಬೇರೆ ಕಟ್ಟಡದಲ್ಲಿ. ಮಾದರಿಗಳು ಅಲ್ಲಿಗೆ ಹೋಗುವುದು ಹದಿನೈದು ದಿನಕ್ಕೊಮ್ಮೆ, ಎಲ್ಲವೂ ಒಟ್ಟಿಗೆ. ಹತ್ತು ನಿಮಿಷದ ಕೆಲಸಕ್ಕೆ ಇಷ್ಟು ದೀರ್ಘ ಸಿದ್ಧತೆ ಬೇರೆಲ್ಲಿ ಉಂಟು?

ಇಲ್ಲೇ ಉಂಟು, ನನ್ನಲ್ಲಿ. ನಾನು ಬಣಕಲ್ ಸಮೀಪದ ಕಾಫಿ ಎಸ್ಟೇಟೊಂದರ ರೈಟರ್, ಎಂದರೆ ಲೆಕ್ಕಪತ್ರದ ಗುಮಾಸ್ತ; ಬಿಡುವಿನಲ್ಲಿ ಪತ್ರಿಕೆಗೆ ಸುದ್ದಿ ಕಳಿಸುವವನು. ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಿದೆಯೇ ಎಂದು ನಮ್ಮ ಮೇಸ್ತ್ರಿ ಕೆಂಚಯ್ಯ ದಿನವೂ ಕಣದಲ್ಲೇ ಬೀಜ ಕಚ್ಚಿ ನೋಡುತ್ತಿದ್ದ. ಹೋದ ವರ್ಷ ನಾನು ಅದನ್ನು ಅವೈಜ್ಞಾನಿಕವೆಂದು ನಿಲ್ಲಿಸಿ, ಮಾದರಿಯನ್ನು ಲಕೋಟೆಯಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸಿದೆ. ವರದಿ ಬರುವವರೆಗೆ ಕಾಫಿಯನ್ನು ಗುಡ್ಡೆ ಹಾಕಿ ಮುಚ್ಚಿಸಿದೆ. ಒಂಬತ್ತನೇ ದಿನ ವರದಿ ಬಂತು: ‘ತೇವ ಹೆಚ್ಚು, ಇನ್ನೂ ಒಣಗಿಸಿ.’ ಅಷ್ಟರಲ್ಲಿ ಗುಡ್ಡೆಗೆ ಬೂಷ್ಟು ಹಿಡಿದಿತ್ತು. ಕೆಂಚಯ್ಯ ಮೂಸಿ ನೋಡಿ, “ಕಾಗ್ದ ಚೆನ್ನಾಗಿ ಒಣಗಿದೆ ರೈಟ್ರೇ, ಕಾಫಿ ಒಂದು ಒಣಗ್ಲಿಲ್ಲ ನೋಡಿ ಮಾರಾಯ್ರೇ” ಎಂದ. ಆದ್ದರಿಂದ ಈ ಪತ್ರವನ್ನು ಆರೋಪವೆಂದು ತಿಳಿಯಬೇಡಿ. ಒಂದೇ ರೋಗದ ಇಬ್ಬರ ಸಮಾಲೋಚನೆ ಇದು.

ನನ್ನ ತಪ್ಪಿಗೆ ಕಾಫಿ ಹಾಳಾಯಿತು. ನಿಮ್ಮದು ನಮ್ಮ ತೋಟದಲ್ಲಿ ಹಣ್ಣು ಕೊಯ್ಯುವ ದ್ಯಾವಮ್ಮನ ತನಕ ಬರುತ್ತದೆ. ಹೋದ ಕೊಯ್ಲಿನಲ್ಲಿ ಗಿಡದ ಬುಡದಲ್ಲಿದ್ದ ಕೊಳಕುಮಂಡಲ ಹಾವು ಆಕೆಯ ಕೈ ಕಚ್ಚಿತು. ಮೂಡಿಗೆರೆಯಲ್ಲಿ ಮದ್ದಿರಲಿಲ್ಲ, ಜೀಪಿನಲ್ಲಿ ಚಿಕ್ಕಮಗಳೂರಿಗೆ ಒಯ್ದೆವು. ಬದುಕಿದಳು. ಎರಡು ಬೆರಳು ಈಗಲೂ ಮಡಚುವುದಿಲ್ಲ. ‘ಮದ್ದು ಶೀಘ್ರ ಲಭ್ಯ’ ಎಂದು ಆಮೇಲೆ ಪತ್ರಿಕೆಯಲ್ಲಿ ಬರೆದವನು ನಾನೇ. ಮೊನ್ನೆ ಆಕೆ ಕೇಳಿದಳು: “ಮದ್ದು ಬಂತಾ ರೈಟ್ರೇ? ನೀವೇ ಬರ್ದಿದ್ರಂತಲ್ಲ?”

ಕೊನೆಯ ಪರೀಕ್ಷೆಗಳನ್ನು ಕೈಬಿಡಿ ಎನ್ನುತ್ತಿಲ್ಲ. ಆ ಯಂತ್ರವನ್ನು ಮದ್ದು ತಯಾರಾಗುವ ಕೋಣೆಗೇ ತನ್ನಿ. ಪ್ರತಿ ಹಂತದಲ್ಲೂ ಅಲ್ಲೇ ಅಳೆದು, ಸರಿಯಿದ್ದರೆ ಮಾತ್ರ ಮುಂದಕ್ಕೆ ಬಿಡಿ. ಅಲ್ಲಿಯವರೆಗೆ, ಬೇರೆ ಜಿಲ್ಲೆಯ ದಾಸ್ತಾನಿನಿಂದ ಹತ್ತು ಸೀಸೆಯನ್ನಾದರೂ ಮೂಡಿಗೆರೆಗೆ ಕೊಡಿಸಿ.

ನಮ್ಮಲ್ಲಿ ಕೊಯ್ಲು ನವೆಂಬರ್ ೩, ಸೋಮವಾರ ಬೆಳಿಗ್ಗೆ ಏಳೂವರೆಗೆ ಶುರು. ದ್ಯಾವಮ್ಮ ಈ ಸಲವೂ ಹೆಸರು ಬರೆಸಿದ್ದಾಳೆ.

ಇಂತಿ,
ಬೀಜ ಕಚ್ಚಿ ನೋಡಲು ತಡವಾಗಿ ಕಲಿತ
ಒಬ್ಬ ಎಸ್ಟೇಟ್ ರೈಟರ್